ದಿಂಬುವಿಗೆ ಯಾವ ಊಟ

ಮನೆಯಿಂದ
ಮಾರ್ಚ್ 4

ಅಕ್ಕಾ,

ನಾವು ಕ್ಷೇಮ, ನೀನೂ ಕ್ಷೇಮವಾಗಿರು ಅಂತ ಬರೆಯಬೇಕಾದದ್ದನ್ನೆಲ್ಲ ಬರೆದಾಯಿತು ಅಂದುಕೋ. ನೀನು ಅಪ್ಪನಿಗೆ ಅಂತ ಕಳಿಸಿದ ನಾಯಿಮರಿ ಬಂದು ತಲುಪಿತು. ಬುಟ್ಟಿಯಲ್ಲಿ ಬರುತ್ತೆ ಅಂತ ಕಾದಿದ್ದೆ, ಗೂಡ್ಸ್ ಗಾಡಿಯಲ್ಲಿ ಬಂತು. ಎರಡು ತಿಂಗಳ ಮರಿಯಂತೆ. ಪಂಜ ಆಗಲೇ ನನ್ನ ಮುಷ್ಟಿಯಷ್ಟಿದೆ. ತಂದುಕೊಟ್ಟವನು "ಕರುವಿನಷ್ಟು ಆಗುತ್ತೆ ಸಾರ್, ಜಾಗ ಇದೆ ತಾನೆ?" ಅಂತ ಕೇಳಿ, ನಾನು ಬಾಯಿ ತೆರೆಯುವುದರೊಳಗೆ ಗಾಡಿ ತಿರುಗಿಸಿಕೊಂಡು ಹೋದ. ಜಾಗ ಎಷ್ಟಿದೆ ಅಂತ ನಿನಗೆ ಗೊತ್ತೇ ಇದೆ. ಮುಂದಿನ ಕೋಣೆ ನನ್ನ ಸಲೂನು, ಹಿಂದಿನದು ಅಡುಗೆಮನೆ, ಮೂಲೆಯಲ್ಲಿ ಅಪ್ಪನ ಕುರ್ಚಿ.

ಅಪ್ಪ ಮೊದಲು ಸಿಡಿಮಿಡಿಗುಟ್ಟಿದ. "ಯಾರನ್ನ ಕೇಳಿ ಕಳಿಸಿದ್ಲು? ನನ್ನ ನೋಡ್ಕೊಳ್ಳೋಕೆ ನಾಯಿನೋ, ನಾಯಿ ನೋಡ್ಕೊಳ್ಳೋಕೆ ನಾನೋ?" ಸಂಜೆ ಹೊತ್ತಿಗೆ ಅದು ಅವನ ಪಾದದ ಮೇಲೆ ತಲೆಯಿಟ್ಟು ನಿದ್ದೆ ಹೋಗಿತ್ತು. ಕಾಲು ಜೋಮು ಹಿಡಿದರೂ ಅವನು ಅಲ್ಲಾಡಲಿಲ್ಲ. "ಒಳ್ಳೆ ದಿಂಬು ಕಣೋ ಇವನು" ಅಂದ. ಅದೇ ಹೆಸರಾಯಿತು. ಅಮ್ಮ ಹೋದ ಮೇಲೆ ಆ ಕುರ್ಚಿಯಿಂದ ಅವನನ್ನು ಎಬ್ಬಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಈಗ ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಇಬ್ಬರೂ ಬೀದಿ ಸುತ್ತಿ ಬಂದಿರುತ್ತಾರೆ. ನಿನ್ನ ಉಪಾಯ ಫಲಿಸಿದೆ. ಬೀಗಬೇಡ.

ಈಗ ನನ್ನ ಕಷ್ಟ ಕೇಳು. ಇದಕ್ಕೆ ಏನು ತಿನ್ನಿಸಬೇಕು? ನಾಯಿ ಊಟದ ಅಂಗಡಿಗೆ ಹೋಗಿದ್ದೆ. ನೆಲದಿಂದ ಸೂರಿನವರೆಗೆ ಚೀಲಗಳು. ಸಣ್ಣ ಜಾತಿಗೆ ಬೇರೆ, ದೊಡ್ಡ ಜಾತಿಗೆ ಬೇರೆ. ಮರಿಗೆ, ದೊಡ್ಡದಕ್ಕೆ, ಮುದಿಗೆ ಬೇರೆ ಬೇರೆ. ಕೋಳಿ, ಕುರಿ, ಮೀನು. ನನ್ನ ಕುರ್ಚಿಯಲ್ಲಿ ಕೂತು "ಹೇಗೆ ಕಟ್ ಮಾಡ್ಲಿ?" ಅಂದರೆ ಕನ್ನಡಿಯನ್ನೇ ಮಿಕಮಿಕ ನೋಡುವ ಗಿರಾಕಿಗಳಿರುತ್ತಾರಲ್ಲ, ಹಾಗೆ ನಿಂತಿದ್ದೆ. ಕೊನೆಗೆ ಚೀಲದ ಮೇಲೆ ಬಹಳ ಗಂಭೀರವಾದ ನಾಯಿಯ ಚಿತ್ರವಿದ್ದದ್ದನ್ನು ತಂದೆ. ಸಿನಿಮಾ ನಟನ ಫೋಟೋ ತಂದು "ಹೀಗೇ ಮಾಡಿ" ಅನ್ನುವವರನ್ನು ನೋಡಿ ಇನ್ನು ನಗುವುದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಹಡಗು ಬಂದರು ಮುಟ್ಟಿದಾಗ ಮಾತ್ರ ನಿನ್ನ ಫೋನು, ಆಗೆಲ್ಲ ಅಪ್ಪ ನನ್ನ ಭುಜಕ್ಕೆ ಅಂಟಿಕೊಂಡು ನಿಂತಿರುತ್ತಾನೆ. ಅವನ ವಿಷಯ ಅವನೆದುರಿಗೇ ಹೇಗೆ ಹೇಳಲಿ? ನೀನು ಕೇಳುವ ಮೊದಲೇ ಹೇಳುತ್ತೇನೆ: ಊಟ ಈಗ ಪರವಾಗಿಲ್ಲ. ಸಣ್ಣಗಾಗಿದ್ದಾನೆ ನಿಜ. ಡಾಕ್ಟರು ಬರೆದುಕೊಟ್ಟ ಶಕ್ತಿಪುಡಿ, ಕ್ಯಾಲ್ಸಿಯಂ ಮಾತ್ರೆ ತಂದಿದ್ದೇನೆ. ಮೊದಲು ಅರ್ಧ ತಟ್ಟೆ ಹಾಗೇ ವಾಪಸ್ ಬರುತ್ತಿತ್ತಲ್ಲ, ನೀನು ಫೋನಿನಲ್ಲಿ ಅತ್ತದ್ದೂ ಅದಕ್ಕೇ. ಮರಿ ಬಂದಾಗಿನಿಂದ ತಟ್ಟೆ ತೊಳೆದಿಟ್ಟ ಹಾಗೆ ಖಾಲಿ. ನೆಮ್ಮದಿಯಾಗಿ ಅಡುಗೆ ಮಾಡು.

ನಿನ್ನ ತಮ್ಮ


ಹಡಗಿನ ಅಡುಗೆಮನೆಯಿಂದ
ಮಾರ್ಚ್ 27

ತಮ್ಮಾ,

ಪೆದ್ದ ಕಣೋ ನೀನು. ಚಿತ್ರ ನೋಡಿ ಊಟ ಕೊಂಡವನನ್ನು ನಾನು ಇವತ್ತೇ ನೋಡಿದ್ದು. ಅದು ಬೆಳೆದ ನಾಯಿಯ ಊಟ. ಮರಿಗೆ ಮರಿಯ ಊಟ ಹಾಕಬೇಕು. ಅದಕ್ಕೆ ದಿನಾ ಮೂಳೆ ಸೂಪು, ಎರಡು ಮೊಟ್ಟೆ, ಹಾಲು, ಅಪ್ಪನ ಕ್ಯಾಲ್ಸಿಯಂ ಮಾತ್ರೆಯಲ್ಲಿ ಒಂದು ಚೂರು

ಮೇಲಿನ ಸಾಲನ್ನು ಓದಿಲ್ಲ ಅಂದುಕೋ. ನಮ್ಮ ಎರಡನೇ ಎಂಜಿನಿಯರ್ ಚಹಾಕ್ಕೆ ಬಂದವರು ಹಿಂದಿನಿಂದ ಇಣುಕಿ ಓದಿ, ಪೆನ್ನನ್ನೇ ಕಿತ್ತುಕೊಂಡರು. ಈ ಮಹಾನುಭಾವರ ಮನೆಯಲ್ಲಿ ಮೂರು ದೊಡ್ಡ ನಾಯಿಗಳಿವೆ. ಬೇರೆಯವರ ಕ್ಯಾಬಿನ್ನಿನಲ್ಲಿ ಹೆಂಡತಿ ಮಕ್ಕಳ ಫೋಟೋ ಇದ್ದರೆ ಇವರದ್ದರಲ್ಲಿ ಅವೇ ಮೂರು. "ಮರಿ ಕೊಲ್ಲೋಕೆ ಹೊರಟಿದೀಯೇನಮ್ಮಾ?" ಅಂದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಗಮನವಿಟ್ಟು ಓದು.

ದೊಡ್ಡ ಜಾತಿಯ ಮರಿಯನ್ನು ಬೆಳೆಯಲು ಅವಸರಪಡಿಸಬಾರದಂತೆ. ಅದು ಒಂದೂವರೆ ಎರಡು ವರ್ಷ ನಿಧಾನವಾಗಿ ಬೆಳೆಯಬೇಕಾದ ಪ್ರಾಣಿ. ಜಾಸ್ತಿ ತಿನ್ನಿಸಿದರೆ ಮೈ ಮೊದಲು ಬಂದುಬಿಡುತ್ತೆ, ಮೂಳೆ ಹಿಂದೆ ಬೀಳುತ್ತೆ, ಆ ಭಾರಕ್ಕೆ ಕಾಲು ಸೊಟ್ಟಗಾಗುತ್ತೆ. ಕ್ಯಾಲ್ಸಿಯಂ ಒಳ್ಳೆಯದು ಅಂತ ಮೇಲಿಂದ ಸುರಿದರೆ ಇನ್ನೂ ಕೇಡು. ಅದಕ್ಕೇ "ದೊಡ್ಡ ಜಾತಿಯ ಮರಿಗೆ" ಅಂತ ಚೀಲದ ಮೇಲೆ ಸ್ಪಷ್ಟವಾಗಿ ಬರೆದದ್ದನ್ನೇ ತರಬೇಕು; ಅದರಲ್ಲಿ ಎಲ್ಲ ಹದವಾಗಿ ಬೆರೆಸಿರುತ್ತಾರೆ. ಪದಾರ್ಥಗಳ ಸಾಲಿನಲ್ಲಿ ಮಾಂಸ ಮೊದಲು ಬರಬೇಕು. ಹೊತ್ತು ಹೊತ್ತಿಗೆ ಅಳೆದು ಹಾಕಿ, ಉಳಿದದ್ದನ್ನು ಎತ್ತಿಡಬೇಕು. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಇದೇ ಪರೀಕ್ಷೆ. ಈಗಿನ ಊಟವನ್ನು ಒಮ್ಮೆಲೇ ನಿಲ್ಲಿಸಬೇಡ, ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹೋಗು.

ಅಪ್ಪನ ತಟ್ಟೆ ಖಾಲಿ ಅಂತ ಓದಿ ನನಗೆ ಎಷ್ಟು ಹಗುರವಾಯಿತು ಅಂದರೆ, ಅವತ್ತು ಎಲ್ಲರಿಗೂ ಸಿಹಿ ಮಾಡಿದೆ. ನಾನು ಮುಖ್ಯ ಅಡುಗೆಯವಳಾಗಿ ಇದು ಮೊದಲ ಸಲ ಹೊರಟಿರುವುದು, ನಿನಗೆ ಗೊತ್ತು. ಊಟ ಚೆನ್ನಾಗಿತ್ತಾ ಅಂತ ಇಲ್ಲಿ ಯಾರನ್ನೂ ಕೇಳುವುದಿಲ್ಲ. ವಾಪಸ್ ಬರುವ ತಟ್ಟೆ ನೋಡುತ್ತೇನೆ, ಅಷ್ಟೆ. ಬಾಯಿ ಸುಳ್ಳು ಹೇಳಬಹುದು, ತಟ್ಟೆ ಹೇಳುವುದಿಲ್ಲ.

ನಿನ್ನ ಅಕ್ಕ


ಮನೆಯಿಂದ
ಮೇ 2

ಅಕ್ಕಾ,

ನಿನ್ನ ಎಂಜಿನಿಯರ್ ಸಾಹೇಬರಿಗೆ ನಮಸ್ಕಾರ ಹೇಳು. ಅವರು ಹೇಳಿದ ಚೀಲವನ್ನೇ ತಂದೆ. ಅವರು ಹೇಳಿದ ಹಾಗೇ ಬೆರೆಸಿದೆ. ಶೇವಿಂಗ್ ಮಗ್ಗಿನಲ್ಲಿ ಅಳೆದು ಹಾಕುತ್ತಿದ್ದೇನೆ, ಹೊಸ ಮಗ್ಗು, ಬೈಯಬೇಡ. ಉಳಿದದ್ದನ್ನು ಎತ್ತಿಡುವ ಪ್ರಸಂಗವೇ ಬಂದಿಲ್ಲ, ಏಕೆಂದರೆ ಉಳಿಯುವುದಿಲ್ಲ.

ಆದರೂ ಇದು ಊದಿಕೊಳ್ಳುತ್ತಿದೆ. ಪಕ್ಕೆಲುಬು ಕೈಗೆ ಸಿಗಬೇಕು ಅಂದೆಯಲ್ಲ, ಒತ್ತಿ ಒತ್ತಿ ಹುಡುಕಿದರೂ ಸಿಗುತ್ತಿಲ್ಲ. ಕೋಳಿಯದ್ದು ಜಾಸ್ತಿ ಮೈ ಹತ್ತುತ್ತಿರಬೇಕು ಅಂತ ಕುರಿಯದ್ದು ತಂದೆ. ಆಮೇಲೆ ಮೀನಿನದು. ಅಳತೆ ಇಳಿಸಿದೆ. ಅಂಗಡಿಯವನು ನನ್ನನ್ನು ಕಂಡರೆ ಈಗ ಒಳಗೆ ಹೋಗಿಬಿಡುತ್ತಾನೆ. ದಿಂಬು ಮಾತ್ರ ದಿನ ಕಳೆದಂತೆ ಉಬ್ಬುತ್ತಿದೆ, ನನ್ನ ಗಿರಾಕಿಗಳು "ಇದನ್ನ ನೀವು ಸಾಕ್ತಿದೀರೋ, ಇದೇ ನಿಮ್ಮನ್ನ ಸಾಕ್ತಿದೆಯೋ" ಅಂತ ತಮಾಷೆ ಮಾಡುತ್ತಾರೆ. ನನಗೆ ನಗು ಬರುತ್ತಿಲ್ಲ. ಮುಂಗಾಲುಗಳು ಈಚೆಗೆ ಹೊರಗೆ ತಿರುಗಿದ ಹಾಗೆ ಕಾಣುತ್ತಿವೆ. ಮೆಟ್ಟಿಲ ಹತ್ತಿರ ಬಂದು ನಿಂತು, ಹತ್ತಲೋ ಬೇಡವೋ ಅಂತ ಯೋಚನೆ ಮಾಡುತ್ತೆ. ಈ ವಯಸ್ಸಿನ ಮರಿ ಯೋಚನೆ ಮಾಡಬಾರದು, ಅಲ್ಲವಾ?

ಇನ್ನೊಂದು ತಲೆಹರಟೆ ಕಲಿತಿದೆ. ಸಲೂನಿಗೆ ನುಗ್ಗಿ ಪೌಡರ್ ನೆಕ್ಕುತ್ತೆ. ಎಷ್ಟೋ ಸಲ ಮೂತಿಯೆಲ್ಲ ಬಿಳಿ ಮಾಡಿಕೊಂಡು ಓಡಾಡುತ್ತಿರುತ್ತೆ. ಡಬ್ಬವನ್ನು ಮೇಲಿನ ಹಲಗೆಗೆ ಏರಿಸಿದೆ, ಆದರೂ ನೆಲದಲ್ಲಿ ಬಿದ್ದದ್ದನ್ನು ಬಿಡುವುದಿಲ್ಲ. ಪೌಡರಿನಿಂದ ಕಾಲು ಸೊಟ್ಟಗಾಗುತ್ತಾ ಅಂತ ಸಾಹೇಬರನ್ನು ಕೇಳು.

ಅಪ್ಪ ಮತ್ತಷ್ಟು ಇಳಿದಿದ್ದಾನೆ. ಮೊನ್ನೆ ಅವನಿಗೆ ಶೇವ್ ಮಾಡುವಾಗ ಕೆನ್ನೆ ಒಳಗೆ ಹೋಗಿ ಬ್ಲೇಡು ಕೂರಲೇ ಇಲ್ಲ. "ಬಾಯಲ್ಲಿ ಗಾಳಿ ತುಂಬ್ಕೊಳಪ್ಪಾ" ಅಂದೆ. ತುಂಬಿಕೊಂಡ, ಇಬ್ಬರೂ ಕನ್ನಡಿಯಲ್ಲಿ ನೋಡಿ ನಕ್ಕೆವು. ಊಟದಲ್ಲಿ ಒಂದು ಅಗುಳು ಬಿಡುವುದಿಲ್ಲ. ಪುಡಿ ಡಬ್ಬ ಮೊದಲಿಗಿಂತ ಬೇಗ ಮುಗಿಯುತ್ತಿದೆ. ವಯಸ್ಸಾದ ಮೇಲೆ ತಿಂದದ್ದು ಮೈಗೆ ಹತ್ತುವುದಿಲ್ಲ ಅಂತ ಕಾಣುತ್ತೆ. ಈ ಮನೆಯಲ್ಲಿ ಒಬ್ಬರಿಗೆ ಹತ್ತುವುದಿಲ್ಲ, ಒಬ್ಬರಿಗೆ ಹತ್ತಿದ್ದು ಇಳಿಯುವುದಿಲ್ಲ, ನಡುವೆ ನಾನು.

ನಿನ್ನ ತಮ್ಮ


ಹಡಗಿನಿಂದ
ಮೇ 23

ತಮ್ಮಾ,

ನಾಳೆ ಬೆಳಿಗ್ಗೆ ಹಡಗು ಹೊರಡುತ್ತೆ, ಅವಸರದಲ್ಲಿ ಗೀಚುತ್ತಿದ್ದೇನೆ. ಇನ್ನು ಚೀಲ ಬದಲಾಯಿಸಬೇಡ. ಈ ಕಾಗದ ಕೈಗೆ ಬಂದ ಕೂಡಲೇ ಪ್ರಾಣಿಗಳ ಡಾಕ್ಟರ ಹತ್ತಿರ ಹೋಗು. ಎಂಜಿನಿಯರ್ ನಿನ್ನ ಕಾಗದ ಓದಿ ಒಂದೇ ಪ್ರಶ್ನೆ ಕೇಳಿದರು: "ಅಳತೆ ಸರಿ, ಊಟ ಸರಿ, ಹಾಗಾದ್ರೆ ಮನೇಲಿ ಇನ್ಯಾರು ತಿನ್ನಿಸ್ತಿದಾರೆ?" ನನಗೆ ಸಿಟ್ಟು ಬಂತು. ನಮ್ಮ ಮನೆಯಲ್ಲಿ ಇನ್ಯಾರಿದ್ದಾರೆ ಅಂದೆ. ಅವರು ಚಹಾ ಕುಡಿದು ಎದ್ದು ಹೋದರು.

ಅವರು ಹೋದ ಮೇಲೆ ನಾನು ಯೋಚನೆ ಮಾಡುತ್ತಾ ಕೂತೆ. ನೀನೂ ಸ್ವಲ್ಪ ಯೋಚನೆ ಮಾಡು.

ಅಕ್ಕ


ಮನೆಯಿಂದ
ಮೇ 24

ಅಕ್ಕಾ,

ನಿನ್ನ ಉತ್ತರಕ್ಕೆ ಕಾಯಲು ಆಗಲಿಲ್ಲ. ಮೊನ್ನೆ ದಿಂಬು ಎದ್ದು ನಿಲ್ಲುವಾಗ ಕುಂಯ್ ಅಂತು. ಬಾಡಿಗೆ ಗಾಡಿ ಹಿಡಿದು, ಡ್ರೈವರನ ಜೊತೆ ಸೇರಿ ಅದನ್ನು ಎತ್ತಿ ಹತ್ತಿಸಿ, ಊಟದ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಡಾಕ್ಟರ ಹತ್ತಿರ ಹೋದೆ.

ಡಾಕ್ಟರಮ್ಮ ಬಹಳ ಸಮಾಧಾನದ ಹೆಂಗಸು. ಚೀಲ ನೋಡಿದರು. "ಸರಿಯಾಗೇ ಇದೆ." ಅಳತೆ ಕೇಳಿದರು. "ಅದೂ ಸರಿ." ಆಮೇಲೆ ಅದರ ಮೂತಿ ಹಿಡಿದು, "ಇದೇನು ಬಿಳಿ?" ಅಂದರು.

"ಪೌಡರ್ ಮೇಡಂ. ನಂದು ಸಲೂನು."

ಅವರು ಬೆರಳಿನಿಂದ ಒರೆಸಿ ಮೂಸಿದರು. "ಗಿರಾಕಿಗಳಿಗೆ ವೆನಿಲ್ಲಾ ಪೌಡರ್ ಹಾಕ್ತೀರಾ?"

ಅಕ್ಕಾ, ನನ್ನ ಪೌಡರಿಗೆ ಗುಲಾಬಿ ವಾಸನೆ. ಇಷ್ಟು ವರ್ಷದಿಂದ ಅದೇ ಡಬ್ಬ. ವೆನಿಲ್ಲಾ ವಾಸನೆಯ ಪುಡಿ ನಮ್ಮ ಮನೆಯಲ್ಲಿ ಒಂದೇ ಇರುವುದು, ಅದು ಅಪ್ಪನದು. ದಿನವೂ ನಾನೇ ಹಾಲಿನಲ್ಲಿ ಕಲಸಿ ಕೊಡುವುದು. ಆ ಮೂತಿಯನ್ನು ಎಷ್ಟು ಸಲ ನನ್ನ ಕೈಯಲ್ಲೇ ಒರೆಸಿ ಅದಕ್ಕೆ ಬೈದಿದ್ದೇನೆ. ಒಂದು ಸಲವಾದರೂ ಮೂಸಬೇಕು ಅಂತ ಅನಿಸಲಿಲ್ಲ. ಪೌಡರಿನಲ್ಲೇ ಬದುಕುವವನಿಗೆ ಬಿಳಿಯದೆಲ್ಲ ಪೌಡರೇ.

ಎಕ್ಸ್-ರೇ ತೆಗೆದರು. ಮುಂಗಾಲಿನಲ್ಲಿ ಜೊತೆಜೊತೆಗೆ ಎರಡು ಮೂಳೆ ಇರುತ್ತವಂತೆ, ಎರಡೂ ಸಮವಾಗಿ ಬೆಳೆಯಬೇಕಂತೆ. ಇದರದ್ದು ಒಂದು ಹಿಂದೆ ಬಿದ್ದಿದೆ, ಇನ್ನೊಂದು ಬಾಗಿದೆ. "ಕ್ಯಾಲ್ಸಿಯಂ ಏನಾದ್ರೂ ಹೋಗ್ತಿದೆಯಾ?" ಅಂದರು. ಅಪ್ಪನ ಮಾತ್ರೆ ಚಪ್ಪರಿಸಿ ತಿನ್ನುವಂಥದ್ದು, ಸಿಹಿಯಾಗಿರುತ್ತೆ. ಅದೂ ಎಲ್ಲಿಗೆ ಹೋಗುತ್ತಿತ್ತು ಅಂತ ಆಗ ಹೊಳೆಯಿತು. ಇನ್ನು ಮೇಲೆ ಅಳತೆಯ ಊಟ ಬಿಟ್ಟು ಒಂದು ಚೂರೂ ಕೊಡಬಾರದು, ಓಡಿಸಬಾರದು, ಮೆಟ್ಟಿಲು ಬೇಡ. ಎಷ್ಟು ಸರಿಹೋಗುತ್ತೆ ಅಂತ ಬೆಳೆದ ಮೇಲೇ ಹೇಳಬಹುದಂತೆ.

ಮನೆಗೆ ಬಂದು ಎಕ್ಸ್-ರೇಯನ್ನು ಬಚ್ಚಿಟ್ಟೆ. ಮಧ್ಯಾಹ್ನ ಅಪ್ಪನಿಗೆ ಬಡಿಸಿ, ಗಿರಾಕಿ ಬಂದರು ಅಂತ ಸುಳ್ಳು ಹೇಳಿ ಸಲೂನಿಗೆ ಬಂದೆ. ಗಿರಾಕಿಗಳಿಗೆ ಹಿಂದಲೆ ತೋರಿಸುವ ಕೈಗನ್ನಡಿ ಇದೆಯಲ್ಲ, ಅದನ್ನು ಹಿಡಿದು ಬಾಗಿಲಿಗೆ ಬೆನ್ನು ಮಾಡಿ ಕೂತು ಅಡುಗೆಮನೆಯನ್ನು ನೋಡಿದೆ. ಅಪ್ಪ ತುತ್ತನ್ನು ಬಾಯಿಗೆ ಹಾಕಿಕೊಂಡ. ಅಗಿದ. ಬಹಳ ಹೊತ್ತು ಅಗಿದ. ಆಮೇಲೆ ಕೈಗೆ ತೆಗೆದುಕೊಂಡು ಮೇಜಿನ ಕೆಳಗೆ ಇಳಿಸಿದ. ಮತ್ತೊಂದು ತುತ್ತೂ ಹಾಗೇ. ದಿಂಬು ಸದ್ದಿಲ್ಲದೆ ತಿನ್ನುತ್ತಿತ್ತು. ಇಬ್ಬರಿಗೂ ಚೆನ್ನಾಗಿ ಅಭ್ಯಾಸವಾಗಿತ್ತು.

ತಡೆಯಲಾಗಲಿಲ್ಲ, ಎದ್ದು ಹೋದೆ. "ಏನಪ್ಪಾ ಇದು?"

"ಇವನಿಗೆ ಹಸಿವು ಕಣೋ."

"ನಿನಗೆ?"

"ನನಗೇನು. ಕೂತಿರೋನಿಗೆ ಎಷ್ಟು ಬೇಕು."

ಕಾಲಿನ ವಿಷಯ ಹೇಳಿದೆ. ಎಕ್ಸ್-ರೇ ತೋರಿಸಿದೆ. ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ದಿಂಬುವಿನ ಕಾಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತ.  ಅಕ್ಕಾ, ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು ಅಂದಿದ್ದೆಯಲ್ಲ. ಸಂಜೆ ಅಂಗಿ ಬದಲಾಯಿಸುವಾಗ ಅಪ್ಪನದು ನೋಡಿದೆ. ಎಲ್ಲವೂ ಕಾಣುತ್ತಿದ್ದವು.

ನಾನೇನು ಮಾಡಲಿ, ಹೇಳು.

ನಿನ್ನ ತಮ್ಮ


ಹಡಗಿನಿಂದ
ಜೂನ್ 15

ತಮ್ಮಾ,

ಏನು ಮಾಡಲಿ ಅಂತ ಕೇಳುತ್ತೀಯಾ? ಹೇಳಿದಷ್ಟು ಮಾಡು. ಊಟದ ಹೊತ್ತಿಗೆ ನಾಯಿಯನ್ನು ಸಲೂನಿನಲ್ಲಿ ಕಟ್ಟಿ ಬಾಗಿಲು ಹಾಕು. ಅಪ್ಪನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತುಕೋ. ತಟ್ಟೆ ಖಾಲಿಯಾಗುವವರೆಗೆ ಏಳಬೇಡ, ಅವನನ್ನೂ ಏಳಲು ಬಿಡಬೇಡ. ನೀನು ಮೆತ್ತಗೆ, ಅದಕ್ಕೇ ಅವನು ನಿನ್ನ ತಲೆ ಮೇಲೆ ಕೂತಿದ್ದಾನೆ. ಇಲ್ಲಿ ಮುನಿಸಿಕೊಂಡು ಊಟ ಬಿಡುವ ಗಂಡಸರನ್ನು ನಾನು ದಿನಾ ನೋಡುತ್ತೇನೆ. ಎದುರಿಗೆ ನಿಂತು ಕಣ್ಣು ಬಿಟ್ಟರೆ ಎಲ್ಲರೂ ತಿನ್ನುತ್ತಾರೆ.

ಅವನಿಗೆ ಹೇಳು, ನಾನು ನಾಯಿ ಕಳಿಸಿದ್ದು ಅವನು ಬದುಕಲಿ ಅಂತ, ಅವನ ಊಟ ಕದಿಯಲಿ ಅಂತ ಅಲ್ಲ. ಇಷ್ಟು ದಿನ ಖಾಲಿ ತಟ್ಟೆ ತೋರಿಸಿ ನನ್ನನ್ನು ಮಂಗ ಮಾಡಿದ್ದಾನೆ. ಅದೂ ನನ್ನನ್ನು. ಇಲ್ಲಿ ನಾನು ಊರವರಿಗೆಲ್ಲ ಬೇಯಿಸಿ ಹಾಕುತ್ತಿದ್ದೇನೆ, ಅಲ್ಲಿ ನನ್ನ ಅಪ್ಪ ಉಪವಾಸ ಕೂತಿದ್ದಾನೆ. ಇವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸಿಟ್ಟಿಗೋ ಇನ್ನೇನಕ್ಕೋ ಗೊತ್ತಿಲ್ಲ.

ಎದುರಿಗೆ ಕೂತುಕೋ. ಮರೆಯಬೇಡ.

ಅಕ್ಕ


ಮನೆಯಿಂದ
ಜುಲೈ 9

ಮಗಳೇ,

ನಾನು ಕಾಗದ ಬರೆಯುವವನಲ್ಲ. ಅದೆಲ್ಲ ನಿಮ್ಮಮ್ಮನ ಕೆಲಸವಾಗಿತ್ತು. ನಿನ್ನ ತಮ್ಮ ಆಸ್ಪತ್ರೆಯ ವಿಷಯವನ್ನು ನಿನ್ನ ಹಡಗಿನ ಕಂಪನಿಯವರ ಕಡೆಯಿಂದ ನಿನಗೆ ತಿಳಿಸಿದ್ದೇನೆ ಅಂದ. ಏನೇನು ಹೇಳಿದ್ದಾನೋ ಗೊತ್ತಿಲ್ಲ, ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಮೊದಲನೆಯದು, ಅವನ ಮೇಲೆ ಸಿಟ್ಟು ಮಾಡಬೇಡ. ನೀನು ಹೇಳಿದ ಹಾಗೇ ಎದುರಿಗೆ ಕೂತ. ಅಳುಮೋರೆ ಹಾಕಿಕೊಂಡು ದಿನಾ ಕೂತ. ಜೀವಮಾನವೆಲ್ಲ ಕ್ರೇನ್ ಓಡಿಸುತ್ತಾ, ಅದರ ಡಬ್ಬಿಯಲ್ಲಿ ಒಬ್ಬನೇ ಬುತ್ತಿ ಬಿಚ್ಚಿ ಉಂಡವನು ನಾನು. ತಿನ್ನುವುದನ್ನು ಒಬ್ಬರು ನೋಡುತ್ತಾ ಕೂತರೆ ಬರುವ ತುತ್ತೂ ಬರುವುದಿಲ್ಲ. ಆದರೂ ಅವನ ಮುಖ ನೋಡಿ ಅವತ್ತು ನುಂಗಲು ಹೋದೆ. ಸಿಕ್ಕಿಕೊಂಡಿತು. ಪಾಪ, ಹುಡುಗ ಹೆದರಿ ನನ್ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದ.

ತಿನ್ನಲು ಮನಸ್ಸಿಲ್ಲದೆ ಅಲ್ಲ, ಮಗಳೇ. ಇಳಿಯುವುದಿಲ್ಲ. ನಾಯಿ ಬರುವ ಮೊದಲಿನಿಂದಲೂ ಹೀಗೇ. ಎದೆಯ ಹತ್ತಿರ ಬಂದು ನಿಂತುಬಿಡುತ್ತೆ. ನೀರಿನಂಥದ್ದು ಹೋಗುತ್ತೆ, ಆ ಪುಡಿ ಹಾಕಿದರೆ ಅದೂ ಅಂಟಿಕೊಳ್ಳುತ್ತೆ. ಆಗಲೇ ಡಾಕ್ಟರಿಗೆ ಹೇಳಬೇಕಿತ್ತು ಅಂತ ನೀನು ಕೇಳುತ್ತೀಯ. ಹೇಳಿದ್ದರೆ ಏನಾಗುತ್ತಿತ್ತು ಅಂತ ನನಗೆ ಗೊತ್ತಿತ್ತು. ನೀನು ಆಗಷ್ಟೇ ಮುಖ್ಯ ಅಡುಗೆಯವಳಾಗಿ ಹೊರಟಿದ್ದೆ. ಬಟ್ಟೆಯ ಪೆಟ್ಟಿಗೆಯನ್ನು ಮೂರು ಸಲ ತುಂಬಿ ಮೂರು ಸಲ ಬಿಚ್ಚಿದೆ, ಅಷ್ಟು ಖುಷಿ ನಿನಗೆ. ಇದನ್ನು ಹೇಳಿದರೆ ನೀನು ನಾಲ್ಕನೇ ಸಲ ಬಿಚ್ಚಿ ಇಲ್ಲೇ ಕೂರುತ್ತಿದ್ದೆ.

ಅರ್ಧ ತಟ್ಟೆ ಉಳಿಸಿದರೆ ಇವನು ಮಂಕಾಗುತ್ತಿದ್ದ, ನಿನಗೆ ಹೇಳುತ್ತಿದ್ದ, ನೀನು ಫೋನಿನಲ್ಲಿ ಅಳುತ್ತಿದ್ದೆ. ಆಮೇಲೆ ಇವನು ಬಂದ, ದಿಂಬು. ಮೊದಲ ದಿನವೇ ಮೇಜಿನ ಕೆಳಗೆ ಬಾಯಿ ತೆರೆದುಕೊಂಡು ಕೂತ. ನನಗೆ ಒಂದು ದಾರಿ ಸಿಕ್ಕಿತು. ತಟ್ಟೆ ಖಾಲಿಯಾದರೆ ಇಡೀ ಮನೆ ನಗುತ್ತಿತ್ತು. ನಿನ್ನ ತಮ್ಮ ಸೀಟಿ ಹಾಕುತ್ತಾ ಪಾತ್ರೆ ತೊಳೆಯುತ್ತಿದ್ದ. ಇದರಿಂದ ಯಾರಿಗೂ ತೊಂದರೆ ಇಲ್ಲ ಅಂದುಕೊಂಡೆ. ನಾಯಿಗೆ ಒಳ್ಳೆ ಊಟ ಸಿಗುತ್ತಿದೆ, ಬೆಳೆಯಲಿ ಅಂದುಕೊಂಡೆ. ಭಾರ ಎತ್ತುವ ಮೊದಲು ಹಗ್ಗ ತಡೆಯುತ್ತಾ ಅಂತ ನೋಡುವುದೇ ನನ್ನ ಕೆಲಸವಾಗಿತ್ತು. ಈ ಮರಿಯ ಕಾಲು ತಡೆಯುತ್ತಾ ಅಂತ ನೋಡಲಿಲ್ಲ. ನಿಮ್ಮ ಸಮಾಧಾನಕ್ಕೆ ಅಂತ ಆ ಮೂಕಪ್ರಾಣಿಯ ಕಾಲು ಹಾಳುಮಾಡಿದೆ. ನನ್ನ ಕಾಯಿಲೆ ನನಗಿರಲಿ, ಇದನ್ನು ಮಾತ್ರ ನನಗೆ ತಡೆದುಕೊಳ್ಳಲು ಆಗುತ್ತಿಲ್ಲ.

ಅನ್ನನಾಳದಲ್ಲಿ ಗಡ್ಡೆಯಂತೆ. ಕೊಯ್ಯುವ ಹಂತ ದಾಟಿದೆ ಅಂತ ಡಾಕ್ಟರು ನಿನ್ನ ತಮ್ಮನಿಗೆ ಬಾಗಿಲ ಹೊರಗೆ ಹೇಳಿದರು. ಬಾಗಿಲು ಸರಿಯಾಗಿ ಹಾಕಿರಲಿಲ್ಲ.

ನೀನು ಕೆಲಸ ಮುಗಿಸಿಯೇ ಬಾ.

ಅಪ್ಪ


ಬಂದರಿನಿಂದ
ಜುಲೈ 30

ಅಪ್ಪಾ,

ನಿನ್ನ ಕಾಗದ ಈಗಷ್ಟೇ ಕೈಗೆ ಬಂತು. ಫೋನಿನಲ್ಲಾದರೆ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಪ್ಟನ್ ಸುದ್ದಿ ಹೇಳಿದ ದಿನದಿಂದ ನಾನು ಇಳಿಯುತ್ತೇನೆ ಅಂತ ಕಾಲು ಹಿಡಿಯುತ್ತಿದ್ದೇನೆ. ಇಲ್ಲಿ ಬದಲಿ ಅಡುಗೆಯವರು ಹತ್ತಬೇಕಿತ್ತು, ಬರಲಿಲ್ಲ. ಮುಂದಿನ ಬಂದರಿನಲ್ಲಿ ಖಂಡಿತ ಅನ್ನುತ್ತಾರೆ. ಅಲ್ಲಿಗೆ ಇನ್ನೂ ಮೂರು ವಾರದ ನೀರು. ಸುತ್ತ ನೀರಿರುವಾಗ ಮನುಷ್ಯ ಎಷ್ಟು ಕೂಗಿದರೂ ಅಷ್ಟೇ. ಸ್ಟೋರಿನಲ್ಲಿ ಹಿಟ್ಟಿನ ಮೂಟೆಗಳ ನಡುವೆ ಕೂತು ಬರೆಯುತ್ತಿದ್ದೇನೆ. ಹೊರಗೆ ಎಲ್ಲರೂ ಊಟಕ್ಕೆ ಕಾಯುತ್ತಿದ್ದಾರೆ.

ಎದುರಿಗೆ ಕೂತುಕೋ ಅಂತ ಬರೆದವಳು ನಾನು. ತಮ್ಮನನ್ನು ಏನೂ ಅನ್ನಬೇಡ.

ನಾನು ಚಿಕ್ಕವಳಿದ್ದಾಗ ತಟ್ಟೆಯಲ್ಲಿ ಬಿಟ್ಟರೆ ನೀನು ಬೈಯುತ್ತಿರಲಿಲ್ಲ. "ಸಾಕಾದ್ರೆ ಬಿಡು" ಅಂತ ಅಮ್ಮನಿಗೆ ಕಾಣದ ಹಾಗೆ ನೀನೇ ತಿಂದುಬಿಡುತ್ತಿದ್ದೆ. ಈಗ ನಾನು ಹೇಳುತ್ತೇನೆ. ಸಾಕಾದರೆ ಬಿಡಪ್ಪಾ. ಎಷ್ಟು ಬೇಕಾದರೂ ಬಿಡು. ಕೇಳದೆ ಬಿಡು. ನಾನು ಅಳುವುದಿಲ್ಲ. ತಮ್ಮನೂ ಮುಖ ಸಪ್ಪೆ ಮಾಡುವುದಿಲ್ಲ, ನಾನು ಅವನಿಗೆ ಹೇಳುತ್ತೇನೆ.

ನಾನು ಬರುವವರೆಗೆ ಇರು.

ನಿನ್ನ ಮಗಳು


ಮನೆಯಿಂದ
ಆಗಸ್ಟ್ 18

ಅಕ್ಕಾ,

ಇದು ನಿನಗೆ ಆ ಬಂದರಿನಲ್ಲಿ ಸಿಗುತ್ತೋ, ಅಷ್ಟರಲ್ಲಿ ನೀನೇ ಇಳಿದು ಹೊರಟಿರುತ್ತೀಯೋ ಗೊತ್ತಿಲ್ಲ. ಆದರೂ ಬರೆಯುತ್ತೇನೆ. ಬರೆಯದಿದ್ದರೆ ಇಡೀ ದಿನ ಏನು ಮಾಡಬೇಕೋ ತಿಳಿಯುವುದಿಲ್ಲ. ಸಲೂನನ್ನು ಅರ್ಧ ದಿನ ಮಾತ್ರ ತೆರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ಅಪ್ಪ ತಾನೇ ಓದಿಕೊಂಡ. ಎರಡು ಸಲ ಓದಿ ಕನ್ನಡಕ ತೆಗೆದಿಟ್ಟು, "ನಿಮ್ಮಕ್ಕ ಒಳ್ಳೇ ಅಡುಗೆಯವಳು ಕಣೋ" ಅಂದ. 

ದಿಂಬುವಿನ ವಿಷಯ ಮೊದಲು. ಡಾಕ್ಟರಮ್ಮ ನೋಡಿದರು. ಮೈ ಇಳಿದಿದೆ, ಪಕ್ಕೆಲುಬು ಕೈಗೆ ಸಿಗುತ್ತೆ. ಎಡಗಾಲು ನೆಟ್ಟಗಾಗುವ ಲಕ್ಷಣ ಇದೆ, ಬಲಗಾಲು ಹಾಗೇ ಉಳಿಯಬಹುದು. ಊಟ ಅದೇ. ಎಲ್ಲಕ್ಕಿಂತ ಮೊದಲು ನಿನ್ನ ಸಾಹೇಬರು ಹೇಳಿದ್ದರಲ್ಲ, ಆ ಕೋಳಿಯ ಚೀಲ. ಊರೆಲ್ಲ ಸುತ್ತಿ ಅಲ್ಲಿಗೇ ಬಂದು ನಿಂತೆವು. ಆ ಊಟದಲ್ಲಿ ಯಾವತ್ತೂ ತಪ್ಪಿರಲಿಲ್ಲ.

ಅಪ್ಪನಿಗೆ ಮಾತ್ರ ಯಾವುದು ಸರಿ ಅಂತ ಗೊತ್ತಾಗುತ್ತಿಲ್ಲ. ತರಕಾರಿ ಬೇಯಿಸಿ, ಅರೆದು, ಬಟ್ಟೆಯಲ್ಲಿ ಸೋಸಿ ಸೂಪು ಮಾಡುತ್ತೇನೆ. ಇವತ್ತು ಹೋದದ್ದು ನಾಳೆ ಹೋಗುವುದಿಲ್ಲ. ಅವನಿಗೂ ಹೀಗೇ, ಇದು ಇಂಥವರಿಗೆ ಅಂತ ಹೊರಗಡೆ ಬರೆದ ಒಂದು ಚೀಲ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಆಸ್ಪತ್ರೆಯವರು ಮೂಗಿನಿಂದ ನಳಿಗೆ ಹಾಕೋಣ ಅಂದರು. ಅಪ್ಪ ಬೇಡ ಅಂದ. ನಾನು ಬಲವಂತ ಮಾಡಲಿಲ್ಲ. ಮಾಡಬೇಕಿತ್ತಾ? ನೀನಿದ್ದರೆ ಮಾಡುತ್ತಿದ್ದೆಯಾ?

ಈಗ ದಿಂಬುವನ್ನು ಕಟ್ಟುವುದಿಲ್ಲ. ಅಪ್ಪ ಊಟಕ್ಕೆ ಕೂತರೆ ಅದು ಅಭ್ಯಾಸದಂತೆ ಮೇಜಿನ ಕೆಳಗೆ ಹೋಗುತ್ತೆ. ಅಪ್ಪ "ಇಲ್ಲ ಕಣೋ, ನಿಂಗೆ ಆಗಲ್ಲ" ಅಂತ ಬರೀ ಕೈ ತೋರಿಸುತ್ತಾನೆ. ಅದು ಆ ಕೈ ನೆಕ್ಕಿ ಅಲ್ಲೇ ಮಲಗುತ್ತೆ. ನಾನು ಎದುರಿಗೆ ಕೂರುವುದಿಲ್ಲ. ಸಲೂನಿನಲ್ಲಿ ಸುಮ್ಮನೆ ಕತ್ತರಿ ಒರೆಸುತ್ತಾ ಇರುತ್ತೇನೆ. ಕೈಗನ್ನಡಿಯನ್ನು ಡ್ರಾಯರಿನಲ್ಲಿ ಹಾಕಿಟ್ಟಿದ್ದೇನೆ.

ಇವತ್ತು ಬಟ್ಟಲು ತೆಗೆಯಲು ಹೋದಾಗ ಮುಕ್ಕಾಲು ಸೂಪು ಹಾಗೇ ಇತ್ತು. ನೀನು ಹೇಳಿದ ಹಾಗೆ ಬಿಟ್ಟಿದ್ದ. ಮುಚ್ಚುಮರೆ ಇಲ್ಲ. ನಾನೂ ನೀನು ಹೇಳಿದ ಹಾಗೆ ಮುಖ ಸಪ್ಪೆ ಮಾಡಿಕೊಳ್ಳಲಿಲ್ಲ. ಆದರೆ ನಿಜ ಹೇಳುತ್ತೇನೆ ಅಕ್ಕಾ, ಖಾಲಿ ತಟ್ಟೆ ನೋಡಿ ನಿನಗೆ ಬರೆಯುತ್ತಿದ್ದ ದಿನಗಳೇ ಚೆನ್ನಾಗಿದ್ದವು. ಆಗಲೂ ಅವನು ತಿನ್ನುತ್ತಿರಲಿಲ್ಲ. ಆದರೆ ನನಗೆ ಗೊತ್ತಿರಲಿಲ್ಲ.

"ಇಟ್ಟಿರು, ಆಮೇಲೆ ತಿಂತೀನಿ" ಅಂದ. ತಿನ್ನುವುದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. "ಸರಿಯಪ್ಪಾ" ಅಂದೆ. ಬಟ್ಟಲಿಗೆ ತಟ್ಟೆ ಮುಚ್ಚಿ ಒಲೆಯ ಪಕ್ಕದಲ್ಲಿ ಇಟ್ಟಿದ್ದೇನೆ.

ಬೇಗ ಬಾ.

ನಿನ್ನ ತಮ್ಮ